ಹೊಗೆ ಪರೀಕ್ಷೆಯಲ್ಲಿ ಕಾರು ಫೇಲ್: ಕ್ಯಾಟಲಿಟಿಕ್ ಕನ್ವರ್ಟರ್ ಬದಲಿಸಲೇಬೇಕೆ?

ಪ್ರಶ್ನೆ: ಹಳೆಬಂಡಿ

ನನ್ನದು ಹನ್ನೆರಡು ವರ್ಷದ ಪೆಟ್ರೋಲ್ ಕಾರು. ನಾಲ್ಕು ಸಿಲಿಂಡರ್, ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡದ್ದು. ಓಡಿಸುವಾಗ ಯಾವ ತಕರಾರೂ ಇಲ್ಲ. ಎಳೆತ ಸರಿಯಿದೆ, ಮೈಲೇಜ್ ಸರಿಯಿದೆ, ಸೈಲೆನ್ಸರ್‌ನಿಂದ ಕಣ್ಣಿಗೆ ಕಾಣುವ ಹೊಗೆಯೂ ಬರುವುದಿಲ್ಲ. ಆದರೂ ಈ ಸಲ ಎಮಿಷನ್ ಟೆಸ್ಟ್‌ನಲ್ಲಿ ಫೇಲಾಗಿದೆ. ಚೀಟಿಯಲ್ಲಿ ಇರುವುದನ್ನು ಹಾಗೆಯೇ ಬರೆಯುತ್ತೇನೆ.

ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ) ಸಿಒ (ಕಾರ್ಬನ್ ಮೊನಾಕ್ಸೈಡ್) 0.9%, ಎಚ್‌ಸಿ (ಉರಿಯದೆ ಉಳಿದ ಪೆಟ್ರೋಲ್) 240 ಪಿಪಿಎಂ. ಮಿತಿ ಕ್ರಮವಾಗಿ 0.3% ಮತ್ತು 200.
ನಿಮಿಷಕ್ಕೆ 2,500 ಸುತ್ತಿನಲ್ಲಿ ಸಿಒ 0.6% (ಮಿತಿ 0.2%), ಎಚ್‌ಸಿ 130, ಸಿಒ2 14.1%, ಆಮ್ಲಜನಕ 0.8%, ಲ್ಯಾಂಬ್ಡಾ (ಗಾಳಿ-ಪೆಟ್ರೋಲ್ ಲೆಕ್ಕ, ಸಮವಿದ್ದರೆ 1) 1.015 (ಮಿತಿ 0.97ರಿಂದ 1.03).

ಒಬ್ಬ ಮೆಕ್ಯಾನಿಕ್ ಚೀಟಿ ನೋಡಿ, "ಪೆಟ್ರೋಲ್ ಹೆಚ್ಚು ಹೋಗುತ್ತಿದೆ, ಇಂಜೆಕ್ಟರ್ ತೊಳೆದು ಆಕ್ಸಿಜನ್ ಸೆನ್ಸರ್ ಬದಲಿಸೋಣ" ಎಂದರು. ಇನ್ನೊಬ್ಬರು ಚೀಟಿಯನ್ನು ಸರಿಯಾಗಿ ನೋಡಲೂ ಇಲ್ಲ, "ಹೊಗೆ ಶುದ್ಧ ಮಾಡುವ ಕನ್ವರ್ಟರ್ ಹೋಗಿದೆ, ಹೊಸದು ಹಾಕಿಸಿ" ಎಂದುಬಿಟ್ಟರು. ಪರಿಚಿತರೊಬ್ಬರು ಪೆಟ್ರೋಲ್‌ಗೆ ಬೆರೆಸುವ ಯಾವುದೋ ಬಾಟಲಿಯನ್ನು ಹೊಗಳುತ್ತಿದ್ದಾರೆ. ಮೂವರನ್ನೂ ಒಟ್ಟಿಗೆ ನಂಬಿದರೆ ಕಾರಿಗಿಂತ ರಿಪೇರಿಯೇ ದುಬಾರಿಯಾಗುತ್ತದೆ. ಯಾರ ಮಾತು ಸರಿ?

ಇನ್ನೂ ಒಂದು. ಇಷ್ಟು ಹಳೆಯ ಗಾಡಿಗೆ ವಿನಾಯಿತಿ ಏನಾದರೂ ಇರುತ್ತದೆಯೆ? ಫೇಲಾದ ಮೇಲೆ ಕಾನೂನಿನಲ್ಲಿ ಯಾವ ದಾರಿಗಳಿವೆ?

ಇದಕ್ಕೆ ಸಂಬಂಧವಿದೆಯೋ ಇಲ್ಲವೋ ತಿಳಿಯದು: ಕೆಲವು ತಿಂಗಳ ಹಿಂದೆ ಏರು ರಸ್ತೆಯಲ್ಲಿ ಎಂಜಿನ್ ನಡುಗಿ, ಚೆಕ್ ಎಂಜಿನ್ ದೀಪ ಮಿಣುಕುತ್ತಿತ್ತು. ಗ್ಯಾರೇಜಿನವರು ಒಂದು ಇಗ್ನಿಷನ್ ಕಾಯಿಲ್ ಬದಲಿಸಿ, ಸ್ಕ್ಯಾನರ್ ಹಾಕಿ ದೀಪ ಆರಿಸಿ ಕೊಟ್ಟರು. ಅಂದಿನಿಂದ ದೀಪ ಹತ್ತಿಲ್ಲ.


ಉತ್ತರ: ನಾಲ್ಕನೇ ಗೇರ್

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವುದೇಕೆ? ಕನ್ವರ್ಟರ್ ಒಳಗಿನ ಜೇನುಗೂಡನ್ನು ಒಡೆದು ತೆಗೆದು, ಅದರ ಹಿಂದೆ ಇರುವ ಆಕ್ಸಿಜನ್ ಸೆನ್ಸರ್‌ಗೆ ಒಂದು ಸ್ಪೇಸರ್ ಹಾಕಿದರೆ ದೀಪವೂ ಹತ್ತುವುದಿಲ್ಲ, ಎಳೆತವೂ ಹೆಚ್ಚುತ್ತದೆ. ಸರ್ಟಿಫಿಕೇಟ್ ಕೊಡುವವರು ಎಲ್ಲಿಯಾದರೂ ಸಿಗುತ್ತಾರೆ.


ಉತ್ತರ: ಪ್ರೋಬ್ ಹಿಡಿದವನು

ಮೇಲಿನ ಉತ್ತರವನ್ನು ದಯವಿಟ್ಟು ಯಾರೂ ಪಾಲಿಸಬೇಡಿ. ಜೇನುಗೂಡು ತೆಗೆದ ಗಾಡಿ ಐಡಲ್‌ನಲ್ಲಿ ನಿಂತಾಗ ಏನು ಉಗುಳುತ್ತದೆ ಎಂಬುದು ಅದನ್ನು ಅಳೆದವನಿಗೆ ಗೊತ್ತು. ಸಿಒಗೆ ಬಣ್ಣವಿಲ್ಲ, ವಾಸನೆಯಿಲ್ಲ. "ಕಣ್ಣಿಗೆ ಕಾಣುವ ಹೊಗೆಯಿಲ್ಲ" ಎಂದು ಪ್ರಶ್ನೆ ಕೇಳಿದವರೂ ಬರೆದಿದ್ದಾರೆ. ಕಾಣದಿರುವುದೇ ಆ ಅನಿಲದ ಗುಣ, ಅಲ್ಲಿ ಸಮಾಧಾನ ಪಡುವಂಥದ್ದೇನೂ ಇಲ್ಲ.

ನಾನು ಬಹಳ ವರ್ಷ ಸೈಲೆನ್ಸರ್‌ಗಳಿಗೆ ಹೊಗೆ ಅಳೆಯುವ ಪ್ರೋಬ್ ತೂರಿಸಿ ಚೀಟಿ ಹರಿದು ಕೊಟ್ಟವನು. ಚೀಟಿಯನ್ನು ಕೈಗೆ ತೆಗೆದುಕೊಂಡವರಲ್ಲಿ ಹೆಚ್ಚಿನವರು ನೋಡುವುದು ಪಾಸೋ ಫೇಲೋ ಎಂಬ ಒಂದೇ ಪದವನ್ನು. ಹಳೆಬಂಡಿಯವರು ಆಮ್ಲಜನಕ, ಸಿಒ2, ಲ್ಯಾಂಬ್ಡಾ ಎಲ್ಲವನ್ನೂ ಬರೆದದ್ದು ಬಹಳ ಒಳ್ಳೆಯದಾಯಿತು. ಅರ್ಧ ಉತ್ತರ ಅದರಲ್ಲೇ ಇದೆ.

ಮೊದಲ ಮೆಕ್ಯಾನಿಕ್ ಮಾತನ್ನು ಪರೀಕ್ಷಿಸೋಣ. ಪೆಟ್ರೋಲ್ ಹೆಚ್ಚು ಹೋಗುತ್ತಿದ್ದರೆ ಸಿಒ ಏರುತ್ತದೆ ಎಂಬುದು ನಿಜ. ಸಿಒ ಎಂದರೆ ಗಾಳಿ ಸಾಲದೆ ಅರ್ಧಕ್ಕೆ ನಿಂತ ದಹನ. ಆದರೆ ಹಾಗಿದ್ದಲ್ಲಿ ಲ್ಯಾಂಬ್ಡಾ 1ಕ್ಕಿಂತ ಕೆಳಗೆ, 0.98ರ ಆಸುಪಾಸಿಗೆ ಇಳಿಯಬೇಕಿತ್ತು, ಆಮ್ಲಜನಕ ಹೆಚ್ಚುಕಡಿಮೆ ಸೊನ್ನೆಯಾಗಬೇಕಿತ್ತು. ನಿಮ್ಮದು 1.015. ಎಂಜಿನ್‌ಗೆ ಹೋದ ಗಾಳಿ ಮತ್ತು ಪೆಟ್ರೋಲ್‌ನ ಲೆಕ್ಕ ಸರಿಯಾಗಿಯೇ ಇದೆ. ಯಂತ್ರ ಈ ಲ್ಯಾಂಬ್ಡಾವನ್ನು ನೇರವಾಗಿ ಅಳೆಯುವುದಿಲ್ಲ, ಉಳಿದ ನಾಲ್ಕು ಅನಿಲಗಳಿಂದ ಲೆಕ್ಕ ಹಾಕುತ್ತದೆ. ನಿಮ್ಮ ಅಂಕಿಗಳನ್ನು ನಾನೂ ಲೆಕ್ಕ ಹಾಕಿ ನೋಡಿದೆ, ತಾಳೆಯಾಗುತ್ತದೆ. ಆದ್ದರಿಂದ ಯಂತ್ರ ಹುಚ್ಚು ಅಂಕಿ ಕೊಟ್ಟಿದೆ ಎಂಬ ಅನುಮಾನ ಬೇಡ. ಸೈಲೆನ್ಸರ್‌ನಲ್ಲಿ ದೊಡ್ಡ ತೂತು ಇದೆ ಎನ್ನಲೂ ಆಗುವುದಿಲ್ಲ. ಇದ್ದಿದ್ದರೆ ಹೊರಗಿನ ಗಾಳಿ ಬೆರೆತು ಲ್ಯಾಂಬ್ಡಾ 1.03 ದಾಟುತ್ತಿತ್ತು, ಸಿಒ2 ಕೂಡ ತೆಳ್ಳಗಾಗುತ್ತಿತ್ತು. 14.1% ಒಳ್ಳೆಯ ದಹನದ ಅಂಕಿ.

ಈಗ ನಿಜವಾದ ಸುಳಿವು. 0.6% ಸಿಒ ಮತ್ತು 0.8% ಆಮ್ಲಜನಕ ಒಂದೇ ಕೊಳವೆಯಿಂದ ಒಟ್ಟಿಗೆ ಹೊರಬರುತ್ತಿವೆ. ಅವೆರಡೂ ಎದುರುಬದುರಾದರೆ ಸೇರಿಸಿ ಸಿಒ2 ಮಾಡಿ ಕಳುಹಿಸುವುದೇ ಕನ್ವರ್ಟರ್‌ನ ಕೆಲಸ. ಬೇಕಾದ ಆಮ್ಲಜನಕ ಪಕ್ಕದಲ್ಲೇ ಇದ್ದರೂ ಸಿಒ ಉಳಿದುಕೊಂಡಿದೆ ಎಂದರೆ ಕನ್ವರ್ಟರ್ ಕೆಲಸ ಮಾಡುತ್ತಿಲ್ಲ. ಇಲ್ಲಿಯವರೆಗೆ ಎರಡನೆಯ ಮೆಕ್ಯಾನಿಕ್ ಸರಿ. ಆದರೆ ಅದು ಕೆಲಸ ಮಾಡದಿರಲು ಎರಡು ಕಾರಣಗಳಿರಬಹುದು: ಸತ್ತಿರಬಹುದು, ಇಲ್ಲವೇ ತಣ್ಣಗಿರಬಹುದು. ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ತಲುಪುವವರೆಗೆ ಅದರೊಳಗಿನ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಎಚ್ಚರಗೊಳ್ಳುವುದೇ ಇಲ್ಲ. ಪರೀಕ್ಷೆಗೆ ಸರದಿಯಲ್ಲಿ ನಿಂತಿದ್ದಾಗ ಎಂಜಿನ್ ಆರಿಸಿದ್ದಿರಾ? ಅಥವಾ ಬಹಳ ಹೊತ್ತು ಐಡಲ್‌ನಲ್ಲೇ ನಿಲ್ಲಿಸಿದ್ದಿರಾ? ಎರಡರಲ್ಲೂ ಕನ್ವರ್ಟರ್ ತಣಿಯುತ್ತದೆ. ಎಂಜಿನ್ ನೀರಿನ ಶಾಖ ತೋರಿಸುವ ಮುಳ್ಳು ನಡುವಿಗೆ ಬಂದಿದೆ ಎಂದ ಮಾತ್ರಕ್ಕೆ ಕನ್ವರ್ಟರ್ ಕಾದಿದೆ ಎಂದು ಅರ್ಥವಲ್ಲ.

ಹಾಗಾಗಿ ಒಂದು ರೂಪಾಯಿ ಖರ್ಚು ಮಾಡುವ ಮೊದಲು ಇದನ್ನು ಮಾಡಿ. ಅರ್ಧ ಗಂಟೆ ತಡೆಯಿಲ್ಲದ ರಸ್ತೆಯಲ್ಲಿ, ಸ್ವಲ್ಪ ಕೆಳಗಿನ ಗೇರ್‌ನಲ್ಲಿ ಓಡಿಸಿ ನೇರವಾಗಿ ಪರೀಕ್ಷೆಗೆ ಒಯ್ಯಿರಿ. ಎಂಜಿನ್ ಆರಿಸಬೇಡಿ. ಪ್ರೋಬ್ ಹಾಕುವ ಮೊದಲು ಗೇರ್ ನ್ಯೂಟ್ರಲ್‌ನಲ್ಲಿಟ್ಟು 2,500ರ ಸುಮಾರಿನಲ್ಲಿ ಒಂದೆರಡು ನಿಮಿಷ ಹಿಡಿಯಿರಿ. ಎಸಿ, ಹೆಡ್‌ಲೈಟ್ ಬಂದ್ ಇರಲಿ. ಪ್ರೋಬ್ ಕೊಳವೆಯೊಳಗೆ ಒಂದಡಿಯಷ್ಟು ಹೋಗಿದೆಯೆ ಎಂದು ನೀವೇ ನೋಡಿ. ತುದಿಯಲ್ಲಿ ನೇತುಹಾಕಿದ ಪ್ರೋಬ್ ಊರ ಗಾಳಿಯನ್ನು ಅಳೆಯುತ್ತದೆ.

ಆಮೇಲೂ ಸಿಒ 0.5%, 0.6% ಎಂದೇ ಬಂದರೆ ಕನ್ವರ್ಟರ್ ಹೋಗಿದೆ ಎನ್ನೋಣ. ನನ್ನ ಅನುಮಾನವೂ ಆ ಕಡೆಗೇ ಇದೆ. ಕಾರಣ, ನೀವು ಕಟ್ಟಕಡೆಯಲ್ಲಿ, ಸಂಬಂಧವಿದೆಯೋ ಇಲ್ಲವೋ ಎಂದು ಬರೆದ ಆ ಮಿಣುಕುವ ದೀಪ. ಚೆಕ್ ಎಂಜಿನ್ ದೀಪ ಸುಮ್ಮನೆ ಹತ್ತಿಕೊಂಡಿದ್ದರೆ "ಬಿಡುವಾದಾಗ ತೋರಿಸು" ಎಂದರ್ಥ. ಮಿಣುಕುತ್ತಿದ್ದರೆ "ಈಗಲೇ ಕಾಲು ತೆಗೆ" ಎಂದರ್ಥ. ಒಂದು ಸಿಲಿಂಡರ್‌ನಲ್ಲಿ ಕಿಡಿ ಹಾರದೆ, ಉರಿಯದ ಪೆಟ್ರೋಲ್ ಮತ್ತು ಗಾಳಿ ಎರಡೂ ನೇರವಾಗಿ ಕನ್ವರ್ಟರ್ ಒಳಗೆ ಹೋಗಿ ಅಲ್ಲಿ ಉರಿಯುತ್ತವೆ. ಪಿಂಗಾಣಿಯ ಜೇನುಗೂಡು ಕರಗುವಷ್ಟು ಶಾಖ ಹುಟ್ಟುತ್ತದೆ. ಏರು ರಸ್ತೆಯಲ್ಲಿ, ಭಾರ ಎಳೆಯುವಾಗ ಹೀಗಾದರೆ ಇನ್ನೂ ಕೆಟ್ಟದ್ದು.

ಕನ್ವರ್ಟರ್ ತಾನಾಗಿ ಸಾಯುವುದು ಅಪರೂಪ. ಅದನ್ನು ಯಾರಾದರೂ ಕೊಂದಿರುತ್ತಾರೆ. ಮಿಸ್‌ಫೈರ್ ಕೊಲ್ಲುತ್ತದೆ. ಎಣ್ಣೆ ಕುಡಿಯುವ ಎಂಜಿನ್ ಕೊಲ್ಲುತ್ತದೆ, ಎಣ್ಣೆಯಲ್ಲಿನ ರಂಜಕ ಮತ್ತು ಸತು ಕನ್ವರ್ಟರ್‌ನ ಲೋಹಗಳ ಮೇಲೆ ಪದರ ಕಟ್ಟುತ್ತವೆ. ಹೆಡ್ ಗ್ಯಾಸ್ಕೆಟ್‌ನಿಂದ ಸೋರುವ ಕೂಲೆಂಟ್ ಕೊಲ್ಲುತ್ತದೆ. ಸೀಸವಿದ್ದ ಪೆಟ್ರೋಲ್ ಹಿಂದೆ ಕೊಲ್ಲುತ್ತಿತ್ತು. ಕೊಂದವನನ್ನು ಹುಡುಕದೆ ಹೊಸದು ಹಾಕಿಸಿದರೆ ಹೊಸದೂ ಅದೇ ಹಾದಿ ಹಿಡಿಯುತ್ತದೆ. ಬೆಳಗ್ಗೆ ಮೊದಲ ಸಲ ಎಂಜಿನ್ ಚಾಲೂ ಮಾಡಿದಾಗ ನೀಲಿ ಹೊಗೆ ಬರುತ್ತದೆಯೆ? ಎರಡು ಎಣ್ಣೆ ಬದಲಾವಣೆಗಳ ನಡುವೆ ಮೇಲಿನಿಂದ ಎಣ್ಣೆ ಸುರಿಯಬೇಕಾಗುತ್ತದೆಯೆ? ಇದನ್ನು ಬರೆಯಿರಿ.

ಬಾಟಲಿಯ ವಿಷಯ. ಕಾರ್ಬುರೇಟರ್ ಗಾಡಿಯಲ್ಲಾದರೆ ಆಮ್ಲಜನಕವಿರುವ ದ್ರವ ಬೆರೆಸಿದಾಗ ಮಿಶ್ರಣ ಒಂಚೂರು ತೆಳುವಾಗಿ ಸಿಒ ಇಳಿಯಬಹುದು. ಸೆನ್ಸರ್ ಇರುವ ಗಾಡಿಯಲ್ಲಿ ಕಂಪ್ಯೂಟರ್ ಅಷ್ಟೇ ಪೆಟ್ರೋಲ್ ಹೆಚ್ಚಿಸಿ ಲೆಕ್ಕ ಸಮ ಮಾಡಿಬಿಡುತ್ತದೆ. ಸತ್ತ ಕನ್ವರ್ಟರ್ ಅಂತೂ ಬಾಟಲಿಯಿಂದ ಏಳುವುದಿಲ್ಲ. ಎಣ್ಣೆ ಹಳೆಯದಾಗಿದ್ದರೆ ಆ ದುಡ್ಡಿಗೆ ಎಣ್ಣೆ ಬದಲಿಸಿ. ಹಳೆಯ ಎಣ್ಣೆಯಲ್ಲಿ ಪೆಟ್ರೋಲ್ ಬೆರೆತಿರುತ್ತದೆ. ಆ ಆವಿ, ಎಂಜಿನ್ ತಳದ ಆವಿಯನ್ನು ಮರಳಿ ಒಳಗೆಳೆಯುವ ಪಿಸಿವಿ ಕೊಳವೆಯ ಮೂಲಕ ಮತ್ತೆ ಎಂಜಿನ್ ಸೇರಿ ಎಚ್‌ಸಿಯನ್ನೂ ಸಿಒವನ್ನೂ ಏರಿಸುತ್ತದೆ.


ಉತ್ತರ: ಕಲಂ ಕಣ್ಣು

ಯಂತ್ರದ ವಿಷಯ ಬಲ್ಲವರು ಹೇಳಿದ್ದಾರೆ, ನಾನು ವಿನಾಯಿತಿಯ ಬಗ್ಗೆ ಬರೆಯುತ್ತೇನೆ. ಎಲ್ಲಿ ನೋಂದಣಿಯಾದ ಗಾಡಿ ಎಂದು ಹಳೆಬಂಡಿಯವರು ತಿಳಿಸಿಲ್ಲ. ಆದರೆ ಬೇರೆ ಬೇರೆ ದೇಶಗಳ ನಿಯಮಗಳನ್ನು ಓದಿದರೆ ಒಂದು ಮಾದರಿ ಕಾಣುತ್ತದೆ: ತೀರಾ ಹೊಸದು, ತೀರಾ ಹಳೆಯದು, ಹೊಗೆಯ ಕೊಳವೆಯೇ ಇಲ್ಲದ್ದು. ಈ ಮೂರಕ್ಕೆ ವಿನಾಯಿತಿ. ಹನ್ನೆರಡು ವರ್ಷದ ಪೆಟ್ರೋಲ್ ಕಾರು ಸಾಮಾನ್ಯವಾಗಿ ಈ ಮೂರರೊಳಗೆ ಬೀಳುವುದಿಲ್ಲ. ಜನ "ಹಳೆಯ ಗಾಡಿ" ಎನ್ನುವುದಕ್ಕೂ ಕಾನೂನು "ಹಳೆಯ ಗಾಡಿ" ಎನ್ನುವುದಕ್ಕೂ ಬಹಳ ಅಂತರವಿದೆ.

ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕೂ ಹಿಂದಿನ ಮಾಡೆಲ್‌ನ ಪೆಟ್ರೋಲ್ ಗಾಡಿಗಳಿಗೆ ಪರೀಕ್ಷೆಯಿಲ್ಲ. ಮೊದಲ ಎಂಟು ಮಾಡೆಲ್ ವರ್ಷಗಳ ಗಾಡಿಗಳಿಗೆ ಎರಡು ವರ್ಷಕ್ಕೊಮ್ಮೆಯ ಪರೀಕ್ಷೆ ಇಲ್ಲ, ಅದರ ಬದಲು ಒಂದು ಶುಲ್ಕ ಕಟ್ಟಬೇಕು. ಆದರೆ ಮಾರಾಟವಾಗುವಾಗ ಈ ಎಂಟು ನಾಲ್ಕಕ್ಕೆ ಇಳಿಯುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಎಡವುವುದು ಇಲ್ಲಿಯೇ. ಇಂಗ್ಲೆಂಡ್, ಸ್ಕಾಟ್‌ಲೆಂಡ್, ವೇಲ್ಸ್‌ಗಳಲ್ಲಿ ಕಾರಿಗೆ ಮೊದಲ ಮೂರು ವರ್ಷ ಎಂಒಟಿ (ಅಲ್ಲಿನ ವಾರ್ಷಿಕ ವಾಹನ ತಪಾಸಣೆ) ಪರೀಕ್ಷೆ ಬೇಕಿಲ್ಲ. 2018ರ ಮೇ ತಿಂಗಳಿನಿಂದ, ನಲವತ್ತು ವರ್ಷ ದಾಟಿದ ಮತ್ತು ಗಣನೀಯವಾಗಿ ಮಾರ್ಪಡಿಸದ ಗಾಡಿಗಳಿಗೂ ಬೇಕಿಲ್ಲ. ಜರ್ಮನಿಯಲ್ಲಿ ಹೊಗೆ ತಪಾಸಣೆಯಿಂದ ಹೊರಗಿರುವುದು 1969ರ ಜುಲೈ 1ಕ್ಕೆ ಮೊದಲು ನೋಂದಣಿಯಾದ ಪೆಟ್ರೋಲ್ ಗಾಡಿಗಳು ಮತ್ತು 1977ರ ಜನವರಿ 1ಕ್ಕೆ ಮೊದಲಿನ ಡೀಸೆಲ್ ಗಾಡಿಗಳು.

ಭಾರತದಲ್ಲಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 115ನೇ ನಿಯಮ ನೋಡಿ. ನೋಂದಣಿಯಾದ ಮೊದಲ ವರ್ಷ ಪಿಯುಸಿ (ಹೊಗೆ ತಪಾಸಣೆಯ ಸರ್ಟಿಫಿಕೇಟ್) ಬೇಕಿಲ್ಲ. ಆನಂತರ ಆರು ತಿಂಗಳಿಗೊಮ್ಮೆ, ಬಿಎಸ್-4 ಹೊಗೆ ಮಾನದಂಡ ಮತ್ತು ಅದರ ನಂತರದ ಗಾಡಿಗಳಿಗೆ ವರ್ಷಕ್ಕೊಮ್ಮೆ. ಬ್ಯಾಟರಿ ಗಾಡಿಗೆ ಬೇಡ. ಇಲ್ಲಿ ವಯಸ್ಸಾದ ಗಾಡಿಗೆ ಸಿಗುವ ರಿಯಾಯಿತಿ ಎಂದರೆ ಸಡಿಲವಾದ ಮಿತಿ ಮಾತ್ರ, ಪರೀಕ್ಷೆಯಿಂದ ಬಿಡುಗಡೆಯಲ್ಲ.

ಫೇಲಾದ ಮೇಲಿನ ದಾರಿಗಳು ಇನ್ನೂ ಬೇರೆ ಬೇರೆ. ಭಾರತದಲ್ಲಿ 2021ರ ಜೂನ್‌ನ ತಿದ್ದುಪಡಿಯ ನಂತರ ಫೇಲಾದವರಿಗೆ ತಿರಸ್ಕಾರ ಚೀಟಿ ಕೊಡಬೇಕು. ಅದನ್ನು ರಿಪೇರಿಗೆ ಒಯ್ಯಬಹುದು, ಯಂತ್ರದ ಮೇಲೆಯೇ ಅನುಮಾನವಿದ್ದರೆ ಬೇರೆ ಕೇಂದ್ರದಲ್ಲಿ ಪರೀಕ್ಷಿಸಬಹುದು. ಇದು ಹಕ್ಕು, ಯಾರ ಕೃಪೆಯೂ ಬೇಕಿಲ್ಲ. ಆದರೆ ಅಧಿಕಾರಿ ಲಿಖಿತವಾಗಿ ಪರೀಕ್ಷೆಗೆ ಕರೆದಾಗ ಹೋಗದಿದ್ದರೆ, ಅಥವಾ ಹೋಗಿ ಫೇಲಾದರೆ, ದಂಡದ ಜೊತೆಗೆ ಸರ್ಟಿಫಿಕೇಟ್ ತರುವವರೆಗೆ ಆರ್‌ಸಿ ಅಮಾನತಾಗಬಹುದು. "ಪಿಯುಸಿ ಇಲ್ಲದೆ ವಿಮೆ ನವೀಕರಿಸುವುದಿಲ್ಲ" ಎಂಬ ಮಾತು ಈಗಲೂ ಕೇಳಿಬರುತ್ತದೆ. ಸುಪ್ರೀಂ ಕೋರ್ಟ್ 2017ರ ಆಗಸ್ಟ್‌ನಲ್ಲಿ ಹಾಕಿದ್ದ ಆ ಷರತ್ತನ್ನು 2024ರ ಜುಲೈನಲ್ಲಿ ತಾನೇ ತೆಗೆದುಹಾಕಿತು. ಪಿಯುಸಿ ಇಟ್ಟುಕೊಳ್ಳಬೇಕೆಂಬ ಕಾನೂನು ಮಾತ್ರ ಹಾಗೆಯೇ ಇದೆ.

ಅಮೆರಿಕದ ಹಲವು ರಾಜ್ಯಗಳಲ್ಲಿ ಒಂದು ವಿಚಿತ್ರ ಸೌಲಭ್ಯವಿದೆ. ನಿಗದಿತ ಮೊತ್ತದಷ್ಟು ಅರ್ಹ ರಿಪೇರಿ ಮಾಡಿಸಿಯೂ ಮರುಪರೀಕ್ಷೆಯಲ್ಲಿ ಫೇಲಾದರೆ ಆ ಒಂದು ಅವಧಿಗೆ ಮಾಫಿ. ರಸೀದಿಗಳನ್ನು ತೋರಿಸಬೇಕು. ಕಿತ್ತುಹಾಕಿದ ಭಾಗಗಳನ್ನು ಮರಳಿ ಕೂರಿಸಿದ ಖರ್ಚು ಆ ಲೆಕ್ಕಕ್ಕೆ ಬರುವುದಿಲ್ಲ. ನಾಲ್ಕನೇ ಗೇರ್ ಅವರು ಇದನ್ನು ಗಮನಿಸಬೇಕು. ಕ್ಯಾಲಿಫೋರ್ನಿಯಾದಲ್ಲಿ ಆದಾಯ ಕಡಿಮೆಯಿರುವವರ ರಿಪೇರಿಗೆ ಸರ್ಕಾರವೇ ನೆರವಾಗುವ, ಬೇಡವಾದ ಗಾಡಿಯನ್ನು ಹಣ ಕೊಟ್ಟು ಗುಜರಿಗೆ ಪಡೆಯುವ ಯೋಜನೆಯೂ ಇದೆ. ಇದನ್ನು ನಾನು ಉದಾರತೆ ಎನ್ನುವುದಿಲ್ಲ, ಲೆಕ್ಕಾಚಾರ ಎನ್ನುತ್ತೇನೆ. ಡೆನ್ವರ್ ವಿಶ್ವವಿದ್ಯಾಲಯದ ಡೊನಾಲ್ಡ್ ಸ್ಟೆಡ್‌ಮನ್ ಅವರು ರಸ್ತೆಯ ಅಡ್ಡಕ್ಕೆ ಬೆಳಕಿನ ಕಿರಣ ಹಾಯಿಸಿ ಹಾದುಹೋಗುವ ಗಾಡಿಗಳ ಹೊಗೆ ಅಳೆದಾಗ, ಒಟ್ಟು ಸಿಒದ ಸುಮಾರು ಅರ್ಧದಷ್ಟು ಹತ್ತರಲ್ಲಿ ಒಂದು ಗಾಡಿಯಿಂದ ಬರುತ್ತಿತ್ತು. ಆ ಒಂದನ್ನು ಸರಿಪಡಿಸಿದರೆ ಉಳಿದ ಒಂಬತ್ತನ್ನು ಪೀಡಿಸುವುದಕ್ಕಿಂತ ಅಗ್ಗ.


ಉತ್ತರ: ಕರಿಹೊಗೆ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು ಡೀಸೆಲ್ ಪಿಕಪ್. ಅದರ ಪರೀಕ್ಷೆಯಲ್ಲಿ ಸಿಒ, ಎಚ್‌ಸಿ ಏನೂ ಇರುವುದಿಲ್ಲ, ಒಂದೇ ಒಂದು ಅಂಕಿ. ಆಕ್ಸಿಲರೇಟರ್ ತಳದವರೆಗೆ ಒತ್ತಿಸಿ ಎಂಜಿನ್ ಕಿರುಚಿಸುತ್ತಾರೆ. ಹಾಗೆ ಮಾಡಿದರೆ ಯಾವ ಗಾಡಿ ಹೊಗೆ ಬಿಡುವುದಿಲ್ಲ? ಇದು ನ್ಯಾಯವೇ?


ಉತ್ತರ: ಪ್ರೋಬ್ ಹಿಡಿದವನು

ಕರಿಹೊಗೆಯವರೇ, ಆರೋಗ್ಯವಾಗಿರುವ ಡೀಸೆಲ್ ಎಂಜಿನ್ ಹಾಗೆ ಒತ್ತಿದರೂ ಮಿತಿಯೊಳಗೇ ಇರುತ್ತದೆ. ಐಡಲ್‌ನಲ್ಲಿ ಡೀಸೆಲ್‌ಗೆ ಗಾಳಿ ಧಾರಾಳವಾಗಿ ಸಿಗುವುದರಿಂದ ಅಲ್ಲಿ ಅಳೆದು ಪ್ರಯೋಜನವಿಲ್ಲ. ಒಮ್ಮೆಗೇ ಒತ್ತಿದಾಗ ಪಂಪ್ ತುಂಬ ಡೀಸೆಲ್ ಕೊಡುತ್ತದೆ, ಗಾಳಿ ಹಿಂದೆ ಬೀಳುತ್ತದೆ, ಮಸಿ ಹುಟ್ಟುತ್ತದೆ. ಯಂತ್ರ ಆ ಹೊಗೆಯ ಮೂಲಕ ಬೆಳಕು ಹಾಯಿಸಿ ಎಷ್ಟು ತಡೆಯಾಯಿತು ಎಂದು ನೋಡಿ, ಕೆಲವು ಸಲದ ಸರಾಸರಿ ತೆಗೆಯುತ್ತದೆ. ಮೊದಲ ಒತ್ತಿನಲ್ಲಿ ಕೊಳವೆಯಲ್ಲಿ ಕೂತ ಹಳೆಯ ಮಸಿ ಹಾರಿಬರುತ್ತದೆ. ಆದ್ದರಿಂದ ಪರೀಕ್ಷೆಗೆ ಬರುವ ದಾರಿಯಲ್ಲಿಯೇ ಚೆನ್ನಾಗಿ ಎಳೆಸಿ ಆ ಮಸಿ ಕಳೆದುಕೊಂಡು ಬನ್ನಿ. ಮೊದಲು ಏರ್ ಫಿಲ್ಟರ್, ಆಮೇಲೆ ಟರ್ಬೊದಿಂದ ಬರುವ ರಬ್ಬರ್ ಕೊಳವೆಗಳಲ್ಲಿ ಬಿರುಕು, ಆಮೇಲೆ ಇಂಜೆಕ್ಟರ್ ನಾಝಲ್, ಹೊಗೆಯ ಒಂದು ಪಾಲನ್ನು ಮರಳಿ ಎಂಜಿನ್‌ಗೆ ಬಿಡುವ ಇಜಿಆರ್ ವಾಲ್ವ್. ಟೈಮಿಂಗ್ ಬೆಲ್ಟ್ ಅಥವಾ ಎಣ್ಣೆಯ ಸ್ಥಿತಿ ಅನುಮಾನಾಸ್ಪದವಾಗಿದ್ದರೆ ಆ ಪರೀಕ್ಷೆಗೆ ಎಂಜಿನ್ ಒಡ್ಡಲೇಬೇಡಿ, ಮೊದಲು ಅದನ್ನು ಸರಿಮಾಡಿಸಿ.

ಆದರೆ ಒಂದು ಮಾತು ಒಪ್ಪುತ್ತೇನೆ. ಬೆಳಕಿನ ಈ ಪರೀಕ್ಷೆ ಹೊಸ ಡೀಸೆಲ್‌ಗಳ ಮುಂದೆ ಕುರುಡಾಗಿದೆ. ಮಸಿ ಹಿಡಿಯುವ ಫಿಲ್ಟರ್ ಬಿರುಕುಬಿಟ್ಟಿದ್ದರೂ ಹೊಗೆ ಕಾಣುವುದಿಲ್ಲ, ಪಾಸಾಗಿಬಿಡುತ್ತದೆ. ಅದಕ್ಕೇ ಬೆಲ್ಜಿಯಂ 2022ರಲ್ಲಿ, ನೆದರ್‌ಲ್ಯಾಂಡ್ಸ್ ಮತ್ತು ಜರ್ಮನಿ 2023ರಲ್ಲಿ ಐಡಲ್‌ನಲ್ಲೇ ಕಣಗಳನ್ನು ಎಣಿಸುವ ಯಂತ್ರ ತಂದವು. ಅಲ್ಲಿ ಕಿರುಚಿಸುವುದಿಲ್ಲ, ಎಣಿಸುತ್ತಾರೆ. ನಿಮ್ಮ ಕಿವಿಗೆ ಹಿತ, ಫಿಲ್ಟರ್ ಕಿತ್ತವರಿಗೆ ಕಷ್ಟ.


ಹಳೆಬಂಡಿ

ಎಲ್ಲರಿಗೂ ಧನ್ಯವಾದ. ಸರದಿಯಲ್ಲಿ ಎಂಜಿನ್ ಆರಿಸಿಯೇ ನಿಂತಿದ್ದೆ, ಪೆಟ್ರೋಲ್ ಉಳಿಸೋಣ ಎಂದು. ನೀವು ಹೇಳಿದಂತೆ ಚೆನ್ನಾಗಿ ಓಡಿಸಿ, ಬಿಸಿಯಾಗಿಯೇ ಒಯ್ದು ಮತ್ತೆ ಪರೀಕ್ಷಿಸಿದೆ. 2,500 ಸುತ್ತಿನಲ್ಲಿ ಸಿಒ 0.28%, ಎಚ್‌ಸಿ 70, ಆಮ್ಲಜನಕ 0.5%, ಲ್ಯಾಂಬ್ಡಾ 1.01. ಐಡಲ್‌ನಲ್ಲಿ ಸಿಒ 0.4%, ಎಚ್‌ಸಿ 110. ಎಷ್ಟೋ ಇಳಿದಿದೆ, ಆದರೆ ಇನ್ನೂ ಫೇಲ್.

ಬೆಳಗ್ಗೆ ನೀಲಿ ಹೊಗೆ ಇಲ್ಲ. ಎಣ್ಣೆ ಮೇಲಿನಿಂದ ಸುರಿಯಬೇಕಾಗಿಲ್ಲ. ಕೂಲೆಂಟ್ ಮಟ್ಟವೂ ಇಳಿದಿಲ್ಲ. ಕಾಯಿಲ್ ಬದಲಿಸಿದ ಬಿಲ್ ಹುಡುಕಿ ತೆಗೆದೆ. ಅದರಲ್ಲಿ ಪಿ0303 ಎಂದು ಬರೆದಿದೆ. ಕನ್ವರ್ಟರ್ ಹೋಗಿದ್ದರೆ ದೀಪ ಹತ್ತಬೇಕಲ್ಲವೆ? ಅದೇಕೆ ಸುಮ್ಮನಿದೆ?


ಉತ್ತರ: ಪ್ರೋಬ್ ಹಿಡಿದವನು

ಪಿ0303 ಎಂದರೆ ಮೂರನೆಯ ಸಿಲಿಂಡರ್‌ನಲ್ಲಿ ಮಿಸ್‌ಫೈರ್. ಕೊಂದವನ ಗುರುತು ಸಿಕ್ಕಿತು. ಕಾಯಿಲ್ ಬದಲಾದ್ದರಿಂದ ಆತ ಈಗ ಇಲ್ಲ ಎನ್ನಬಹುದು, ಎಚ್‌ಸಿ ಕೂಡ ಹಾಗೆಂದೇ ಹೇಳುತ್ತಿದೆ. ಆದರೂ ಆ ಸಿಲಿಂಡರ್‌ನ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿಸಿ. ಕಾಯಿಲ್ ಹೊಸದು, ಪ್ಲಗ್ ಹಳೆಯದು ಎಂಬ ಜೋಡಿ ಬಹಳ ಗಾಡಿಗಳಲ್ಲಿ ಕಂಡಿದ್ದೇನೆ. ಪ್ಲಗ್‌ನ ಬಾಯಿ (ಕಿಡಿ ಹಾರುವ ಸಂದು) ಅಗಲವಾದಷ್ಟೂ ಕಾಯಿಲ್ ಹೆಚ್ಚು ದುಡಿದು ಬೇಗ ಸುಡುತ್ತದೆ. ನಾಲ್ಕೂ ಪ್ಲಗ್ ಒಟ್ಟಿಗೆ ಬದಲಿಸಿ.

ನಿಮ್ಮ ಕನ್ವರ್ಟರ್ ಪೂರ್ತಿ ಸತ್ತಿಲ್ಲ, ಅರೆಜೀವವಾಗಿದೆ. ತಣ್ಣಗಿದ್ದಾಗ ಮಲಗುತ್ತದೆ, ಕಾದಾಗ ಮುಕ್ಕಾಲು ಕೆಲಸ ಮಾಡುತ್ತದೆ.

ದೀಪ ಸುಮ್ಮನಿರುವುದರ ಕಾರಣ ತಿಳಿಯಲು ಒಂದು ವಿಷಯ ಹೇಳಬೇಕು. ಗಾಡಿಯ ಕಂಪ್ಯೂಟರ್ ಕೆಲವು ಭಾಗಗಳನ್ನು ಸದಾ ಗಮನಿಸುತ್ತಿರುತ್ತದೆ, ಮಿಸ್‌ಫೈರ್ ಅಂಥದ್ದು. ಕನ್ವರ್ಟರ್, ಪೆಟ್ರೋಲ್ ಆವಿಯ ಸೋರಿಕೆ ಮುಂತಾದವನ್ನು ಮಾತ್ರ ಸಂದರ್ಭ ಕೂಡಿಬಂದಾಗ ಪರೀಕ್ಷಿಸುತ್ತದೆ. ಸ್ಕ್ಯಾನರ್‌ನಿಂದ ಅಳಿಸಿದಾಗ, ಬ್ಯಾಟರಿ ತಂತಿ ಬಿಚ್ಚಿದಾಗ, ಆ ಎಲ್ಲ ಪರೀಕ್ಷೆಗಳ ಮುಂದೆ "ಇನ್ನೂ ಆಗಿಲ್ಲ" ಎಂದು ಬೀಳುತ್ತದೆ. ಕನ್ವರ್ಟರ್ ಪರೀಕ್ಷೆಗೆ ಒಂದೇ ವೇಗದಲ್ಲಿ ಕೆಲವು ನಿಮಿಷಗಳ ಓಟ ಬೇಕು. ಪೇಟೆಯೊಳಗೆ ನಿಂತು ನಿಂತು ಓಡುವ ಗಾಡಿಯಲ್ಲಿ ಅದು ತಿಂಗಳುಗಟ್ಟಲೆ ನಡೆಯದೇ ಇರಬಹುದು. ಆವಿಯ ಪರೀಕ್ಷೆಗೆ ರಾತ್ರಿಯಿಡೀ ತಣಿದ ಎಂಜಿನ್ ಮತ್ತು ತೀರಾ ತುಂಬಿರದ, ತೀರಾ ಖಾಲಿಯೂ ಆಗಿರದ ಟ್ಯಾಂಕ್ ಬೇಕು. ಹಾಗಾಗಿ ಸ್ಕ್ಯಾನರ್ ಹಾಕಿಸಿ, ಕೋಡ್ ನೋಡುವ ಮೊದಲು ಕ್ಯಾಟಲಿಸ್ಟ್ ಮಾನಿಟರ್ (ಕನ್ವರ್ಟರ್‌ನ ಆ ಪರೀಕ್ಷೆ) ಪೂರ್ಣವಾಗಿದೆಯೆ ಎಂದು ಕೇಳಿ. ಪೂರ್ಣವಾಗದಿದ್ದರೆ ದೀಪ ಹತ್ತಿಲ್ಲ ಎಂಬುದಕ್ಕೆ ಬೆಲೆಯಿಲ್ಲ. ಅಲ್ಲೇ ಕನ್ವರ್ಟರ್‌ನ ಮುಂದೆ ಮತ್ತು ಹಿಂದೆ ಇರುವ ಆಕ್ಸಿಜನ್ ಸೆನ್ಸರ್‌ಗಳ ರೇಖೆಗಳನ್ನೂ ತೋರಿಸಲು ಹೇಳಿ. ಮುಂದಿನದು ಏರಿಳಿಯುತ್ತಿರಬೇಕು, ಹಿಂದಿನದು ಹೆಚ್ಚುಕಡಿಮೆ ನೇರವಾಗಿರಬೇಕು. ಹಿಂದಿನದೂ ಮುಂದಿನದರಂತೆಯೇ ಕುಣಿಯುತ್ತಿದ್ದರೆ ಕನ್ವರ್ಟರ್ ಆಮ್ಲಜನಕ ಹಿಡಿದಿಡುವ ಶಕ್ತಿ ಕಳೆದುಕೊಂಡಿದೆ. ಮುಂದಿನದು ಏರಿಳಿಯದೆ ಒಂದೇ ಗೆರೆ ಎಳೆಯುವ ಗಾಡಿಗಳೂ ಇವೆ, ಅವುಗಳ ಸೆನ್ಸರ್ ಬೇರೆ ಜಾತಿಯದು. ಅಂಥದ್ದಾದರೆ ಈ ಹೋಲಿಕೆ ನಡೆಯುವುದಿಲ್ಲ.

ಪ್ರೋಬ್ ಹಾಕದೆ ಕಂಪ್ಯೂಟರ್ ಓದಿಯೇ ತೀರ್ಪು ಕೊಡುವ ಕಡೆಗಳಲ್ಲಿ ಈ "ಇನ್ನೂ ಆಗಿಲ್ಲ" ಎಂಬುದೇ ಫೇಲ್ ಆಗಲು ಸಾಕು. ಕ್ಯಾಲಿಫೋರ್ನಿಯಾದಲ್ಲಿ 2000 ಮತ್ತು ಅದರ ನಂತರದ ಮಾಡೆಲ್‌ನ ಪೆಟ್ರೋಲ್ ಕಾರುಗಳಿಗೆ ಪ್ರೋಬ್ ಹಾಕುವುದೇ ಇಲ್ಲ. ಪರೀಕ್ಷೆಯ ಹಿಂದಿನ ದಿನ ದೀಪ ಅಳಿಸಿಕೊಂಡು ಬರುವ ಜಾಣರಿಗೆಂದೇ 2010ರ ಆಸುಪಾಸಿನಿಂದ ಶಾಶ್ವತ ಕೋಡ್ ಎಂಬುದನ್ನೂ ಇಟ್ಟಿದ್ದಾರೆ. ಸ್ಕ್ಯಾನರ್‌ಗಾಗಲಿ ಬ್ಯಾಟರಿ ಬಿಚ್ಚುವುದಕ್ಕಾಗಲಿ ಅದು ಜಗ್ಗುವುದಿಲ್ಲ. ದೋಷ ಹೋಗಿದೆ ಎಂದು ಕಂಪ್ಯೂಟರ್‌ಗೇ ಮನವರಿಕೆಯಾಗಬೇಕು.


ಉತ್ತರ: ಕಲಂ ಕಣ್ಣು

ಒಂದು ಸಣ್ಣ ಸೇರ್ಪಡೆ. ಕನ್ವರ್ಟರ್ ಬದಲಿಸಲು ಹೊರಡುವ ಮೊದಲು ವಾರಂಟಿ ಕಾಗದ ಓದಿ. ಹೊಗೆ ನಿಯಂತ್ರಣದ ಭಾಗಗಳಿಗೆ ಗಾಡಿಯ ಸಾಮಾನ್ಯ ವಾರಂಟಿಗಿಂತ ದೀರ್ಘವಾದದ್ದು ಇರಬಹುದು. ಅಮೆರಿಕದಲ್ಲಿ ಕನ್ವರ್ಟರ್ ಮತ್ತು ಎಂಜಿನ್ ಕಂಪ್ಯೂಟರ್‌ಗೆ 8 ವರ್ಷ ಅಥವಾ 80,000 ಮೈಲಿ ಎಂದು ಕಾನೂನೇ ಹೇಳುತ್ತದೆ. ಹನ್ನೆರಡು ವರ್ಷಕ್ಕೆ ಇದು ಮುಗಿದಿರುತ್ತದೆ, ಆದರೆ ಈ ಚರ್ಚೆ ಓದುವ ಬೇರೆಯವರಿಗೆ ಉಪಯೋಗವಾದೀತು.


ಹಳೆಬಂಡಿ

ಸ್ಕ್ಯಾನರ್ ಹಾಕಿಸಿದೆ. ಕ್ಯಾಟಲಿಸ್ಟ್ ಮಾನಿಟರ್ ಅಪೂರ್ಣ ಎಂದೇ ಇತ್ತು. ದೊಡ್ಡ ರಸ್ತೆಯಲ್ಲಿ ಒಂದೇ ವೇಗದಲ್ಲಿ ಓಡಿಸಿ ಬಂದ ಮೇಲೆ ಪೂರ್ಣವಾಯಿತು, ಜೊತೆಗೆ ದೀಪವೂ ಹತ್ತಿತು: ಪಿ0420, ಅಂದರೆ ಕನ್ವರ್ಟರ್ ಸಾಕಷ್ಟು ಕೆಲಸ ಮಾಡುತ್ತಿಲ್ಲ ಎಂಬ ಕೋಡ್. ಹಿಂದಿನ ಸೆನ್ಸರ್ ಮುಂದಿನದರ ಜೊತೆ ಕುಣಿಯುತ್ತಿದೆ. ಮೂರನೆಯ ಪ್ಲಗ್‌ನ ಬಾಯಿ ಉಳಿದವುಗಳಿಗಿಂತ ಅಗಲವಾಗಿತ್ತು. ನಾಲ್ಕನ್ನೂ ಬದಲಿಸಿದೆ.

ಈಗ ಕಂಪನಿಯ ಕನ್ವರ್ಟರ್ ಬೆಲೆ ಕೇಳಿ ಕುರ್ಚಿ ಹುಡುಕುವಂತಾಯಿತು. ಹೊರಗಿನದು ಅದರ ಕಾಲುಭಾಗಕ್ಕೆ ಸಿಗುತ್ತದೆ. ಹಳೆಯ ಗಾಡಿಯಿಂದ ಬಿಚ್ಚಿದ್ದು ಇನ್ನೂ ಅಗ್ಗ. ಯಾವುದನ್ನು ತರಲಿ?


ಉತ್ತರ: ಪ್ರೋಬ್ ಹಿಡಿದವನು

ಬಿಚ್ಚಿದ್ದು ಬೇಡ. ಅದನ್ನು ಯಾರು ಕೊಂದರು ಎಂದು ನಿಮಗೂ ಗೊತ್ತಿಲ್ಲ, ಮಾರುವವನಿಗೂ ಗೊತ್ತಿಲ್ಲ. ಕಳವು ಮಾಲಾಗಿರುವ ಸಾಧ್ಯತೆಯೂ ಇದೆ. ಒಳಗಿನ ಲೋಹಕ್ಕಾಗಿ ನಿಲ್ಲಿಸಿದ ಗಾಡಿಗಳಿಂದಲೇ ಕನ್ವರ್ಟರ್ ಕೊಯ್ದು ಒಯ್ಯುವವರಿದ್ದಾರೆ.

ಅಗ್ಗದ ಹೊಸದು ಅಗ್ಗವಾಗಿರುವುದು ಒಳಗೆ ಲೋಹ ಕಡಿಮೆ ಬಳಿದಿರುವುದರಿಂದ. ಮೊದಲ ಪರೀಕ್ಷೆ ಪಾಸಾಗಿ, ಮುಂದಿನದಕ್ಕೋ ಅದರ ಮುಂದಿನದಕ್ಕೋ ಮತ್ತೆ ಪಿ0420 ತೋರಿಸುವಂಥವು ಅವುಗಳಲ್ಲಿ ಸಾಕಷ್ಟಿವೆ. ಹಾಗೆಂದು ಹೊರಗಿನದೆಲ್ಲ ಕೆಟ್ಟದ್ದಲ್ಲ. ನಿಮ್ಮ ಎಂಜಿನ್‌ನ ಮಾಡೆಲ್‌ಗೆ, ನಿಮ್ಮ ಗಾಡಿಯ ಹೊಗೆ ಮಾನದಂಡಕ್ಕೆ ಒಪ್ಪಿಗೆ ಪಡೆದ ಸಂಖ್ಯೆ ಅದರ ಹೊರಕವಚದ ಮೇಲೆ ಅಚ್ಚಾಗಿರಬೇಕು, ಲಿಖಿತ ವಾರಂಟಿ ಇರಬೇಕು. "ಎಲ್ಲ ಗಾಡಿಗೂ ಆಗುತ್ತದೆ" ಎಂದು ಮಾರುವುದನ್ನು ಮುಟ್ಟಬೇಡಿ. ಕೂರಿಸುವಾಗ ಗ್ಯಾಸ್ಕೆಟ್‌ಗಳು ಹೊಸವಿರಲಿ. ಸೆನ್ಸರ್ ಕೂರುವ ಜಾಗದ ಹತ್ತಿರ ಸಿಲಿಕೋನ್ ಸೀಲೆಂಟ್ ಬಳಿಯಲು ಬಿಡಬೇಡಿ, ಅದರ ಆವಿ ಸೆನ್ಸರ್‌ಗೆ ವಿಷ. ಹಿಂದಿನ ಸೆನ್ಸರ್ ಚೆನ್ನಾಗಿದ್ದರೆ ಅದನ್ನೇ ಉಳಿಸಿಕೊಳ್ಳಿ, ಅದು ಸುಳ್ಳು ಹೇಳಿರಲಿಲ್ಲ.

ಹಳೆಯದನ್ನು ಗ್ಯಾರೇಜಿನಲ್ಲಿ ಬಿಟ್ಟು ಬರಬೇಡಿ. ಸತ್ತರೂ ಅದರೊಳಗಿನ ಲೋಹಕ್ಕೆ ಗುಜರಿಯಲ್ಲಿ ಬೆಲೆಯಿದೆ. ಕೇಳಿದರೆ ಬಿಲ್‌ನಲ್ಲಿ ಕಳೆಯುತ್ತಾರೆ, ಕೇಳದಿದ್ದರೆ ಕಳೆಯುವುದಿಲ್ಲ.